ಕೈಬರಹ ಮತ್ತು ಹೊರನಾಡಿನ ನಮ್ಮ ಮಕ್ಕಳು

ನಮ್ಮ ವಸ್ತ್ರಾಪುರಕ್ಕೆ ಸಮೀಪವಿರುವ ಸಾಬರಮತಿ ಆಶ್ರಮದಲ್ಲಿ 1917ರಿಂದ 1930ರವರೆಗೆ ನೆಲೆಸಿದ್ದ ಗಾಂಧೀಜಿಯವರು, ಕೆಟ್ಟ ಕೈಬರಹವು ಅಪೂರ್ಣ ಶಿಕ್ಷಣದ ಲಕ್ಷಣವೆಂದು ಆತ್ಮಕಥೆಯಲ್ಲಿ ಪರಿತಪಿಸಿದ್ದಾರೆ. ದಕ್ಷಿಣ ಆಫ್ರಿಕಾದ ವಕೀಲರ ಸುಂದರ ಅಕ್ಷರಗಳನ್ನು ಕಂಡು ನಾಚಿದ ಅವರು ತಿದ್ದಿಕೊಳ್ಳಲು ಯತ್ನಿಸಿದರಂತೆ. ಆದರೆ ಆ ವೇಳೆಗೆ ಕಾಲ ಮೀರಿತ್ತು.

ಹೊರನಾಡ ಕನ್ನಡಿಗರಾದ ನಮಗೆ ಅಕ್ಷರದ ಅಂದಕ್ಕಿಂತ ಅದರ ಅಳಿವು ಉಳಿವಿನದೇ ಚಿಂತೆ. ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಇಂಗ್ಲಿಷ್, ಹಿಂದಿ, ಗುಜರಾತಿಗಳನ್ನು ಬರೆಯುತ್ತಾರೆ. ಕನ್ನಡವನ್ನು ಮನೆಯಲ್ಲಿ ಆಡುತ್ತಾರೆ, ಅಷ್ಟೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೂ ಕನ್ನಡ ಪದ ತಾನಾಗಿ ಮೂಡುತ್ತದೆ. ಸೌಕರ್ಯವೇನೋ ನಿಜ, ಆದರೆ 'ಅಮ್ಮ' ಎಂಬಲ್ಲಿ ಒತ್ತಕ್ಷರವನ್ನು ಹೇಗೆ ತಿದ್ದಬೇಕೆಂದು ಬೆರಳು ಕಲಿಯುವುದೇ ಇಲ್ಲ. ತಲೆಗೆರೆಯಿಲ್ಲದ ಗುಜರಾತಿಗೆ ಒಗ್ಗಿದ ಮಗು ಕನ್ನಡದ ತಲೆಕಟ್ಟನ್ನೂ ಮರೆತು ಬರೆದದ್ದನ್ನು ಕಂಡಿದ್ದೇನೆ.

ಬ್ಯಾಂಕಿನಲ್ಲಿ ಕನ್ನಡದ ಸಹಿಯೂ ಸಲ್ಲುತ್ತದೆ. ಆದರೂ ಅಜ್ಜ ಕನ್ನಡದಲ್ಲಿ ಸಹಿ ಹಾಕಿದ ಅರ್ಜಿಯಲ್ಲಿಯೇ ಮೊಮ್ಮಗ ಇಂಗ್ಲಿಷಿನಲ್ಲಿ ಗೀಚುವುದನ್ನು ಕೌಂಟರಿನ ಈಚೆಯಿಂದ ನೋಡುತ್ತಿರುತ್ತೇನೆ. ಭಾನುವಾರಕ್ಕೆ ಅರ್ಧ ಪುಟ ಕಾಪಿ, ತಿಂಗಳಿಗೊಮ್ಮೆ ಊರಿನ ಅಜ್ಜಿಗೆ ಕೈಯಾರೆ ಒಂದು ಕಾಗದ. ಇಷ್ಟಕ್ಕೆ ಕನ್ನಡ ಶಾಲೆ ಬರುವವರೆಗೂ ಕಾಯಬೇಕಾಗಿಲ್ಲ.