ನಕ್ಷೆ ಯಾರ ಕೈಯಲ್ಲಿ?

ಕೆಸರೆಯಲ್ಲಿ ರಸ್ತೆಯ ಪಕ್ಕ ಅಂಗಡಿ ಇಟ್ಟವರಿಗೆ ಈ ಸಂಗತಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ರಸ್ತೆಗೆ ಡಾಂಬರು ಬೀಳುತ್ತದೆ. ಅದು ಸರಿಯಾಗಿ ಕೂರುವ ಮೊದಲೇ ನೀರಿನ ಕೊಳಾಯಿಯವರು ಬಂದು ಅಗೆಯುತ್ತಾರೆ. ಅವರು ಮಣ್ಣು ಎಳೆದು ಹೋದ ಮೇಲೆ ಒಳಚರಂಡಿಯವರು, ಅವರ ಹಿಂದೆ ಕೇಬಲ್ಲಿನವರು. ಗುಂಡಿಯ ಆಚೆಗಿರುವ ಅಂಗಡಿಗೆ ಗಿರಾಕಿ ಬರುವುದಿಲ್ಲ. ಬಾಡಿಗೆಯ ದಿನ ಮಾತ್ರ ತಪ್ಪದೆ ಬರುತ್ತದೆ. ನಾವೆಲ್ಲ ಅಧಿಕಾರಿಗಳ ಸೋಮಾರಿತನವೆಂದು ಬೈದು ಸುಮ್ಮನಾಗುತ್ತೇವೆ. ಆದರೆ ರೋಗ ಸೋಮಾರಿತನಕ್ಕಿಂತ ಆಳವಾದದ್ದು. ಕಟ್ಟುವ ಕೆಲಸದಲ್ಲಿ ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಲುಪುವುದಿಲ್ಲ, ಇದೇ ಆ ರೋಗ.

ಇದಕ್ಕೆ ಮದ್ದು ಬಂದಿದೆ ಎಂದು ದೊಡ್ಡ ಕಂಪೆನಿಗಳು ಹೇಳುತ್ತಿವೆ. ಅದರ ಹೆಸರು ಬಿಲ್ಡಿಂಗ್ ಇನ್‌ಫರ್ಮೇಷನ್ ಮಾಡೆಲಿಂಗ್, ಚಿಕ್ಕದಾಗಿ ಬಿ.ಐ.ಎಂ. ಕಟ್ಟಡವನ್ನು ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನೊಳಗೆ ಪೂರ್ತಿಯಾಗಿ ಕಟ್ಟುವುದು. ಗೋಡೆಯೆಂದರೆ ಬರೀ ಎರಡು ಗೆರೆಯಲ್ಲ. ಅದರ ದಪ್ಪ, ಇಟ್ಟಿಗೆಯ ಎಣಿಕೆ, ಅದಕ್ಕೆ ಬೇಕಾದ ಸಿಮೆಂಟು, ಅದನ್ನು ಏಳಿಸುವ ದಿನ, ಎಲ್ಲವೂ ಆ ಗೋಡೆಯ ಜೊತೆಗೇ ಬರೆದಿರುತ್ತದೆ. ನಕ್ಷೆಗಾರ, ಇಂಜಿನಿಯರು, ವಿದ್ಯುತ್ತಿನವನು, ಕೊಳಾಯಿಯವನು, ಎಲ್ಲರೂ ಅದೊಂದೇ ಮಾದರಿಯಲ್ಲಿ ಕೆಲಸ ಮಾಡುತ್ತಾರೆ. ತೊಲೆ ಬರುವ ಜಾಗದಲ್ಲಿ ಕೊಳಾಯಿ ನುಗ್ಗಿದರೆ ಕಂಪ್ಯೂಟರು ಕೂಡಲೇ ಕೆಂಪು ಗುರುತು ತೋರಿಸುತ್ತದೆ. ವಿಚಾರ ಹೊಸದಲ್ಲ, 1970ರ ದಶಕದಲ್ಲೇ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಎಂಬ ಪ್ರಾಧ್ಯಾಪಕರು ಮುಂದಿಟ್ಟದ್ದು. ಬ್ರಿಟನ್ನಿನ ಕೇಂದ್ರ ಸರ್ಕಾರ 2016ರ ಏಪ್ರಿಲ್‌ನಿಂದ ತನ್ನ ಕಾಮಗಾರಿಗಳಿಗೆ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರದ ಮೆಟ್ರೋ ರೈಲನ್ನು ಈ ಪದ್ಧತಿಯಲ್ಲಿ ಕಟ್ಟಿದರು. ರಸ್ತೆ ಅಗೆಯುವವರು ನೆಲದೊಳಗಿನ ಕೇಬಲ್ಲು, ಕೊಳಾಯಿಗಳ ಒಡೆಯರಿಗೆ ಮೊದಲೇ ತಿಳಿಸಲೆಂದು ಭಾರತ ಸರ್ಕಾರವೂ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಹೊರತಂದಿತು.

ಯಂತ್ರವೆಂದ ಕೂಡಲೇ ಮುಷ್ಟಿ ಎತ್ತುವವರು ನಾವಲ್ಲ. ಈ ಪದ್ಧತಿ ಬೇಕು. ಏಕೆ ಬೇಕೆಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಕಥೆಯೊಂದು ಸಾಕು. 1981ರ ಜುಲೈ 17ರಂದು ಆ ಹೋಟೆಲಿನ ಒಳಾಂಗಣದಲ್ಲಿ, ಒಂದರ ಕೆಳಗೊಂದು ತೂಗುಬಿಟ್ಟಿದ್ದ ಎರಡು ಕಾಲುಸೇತುವೆಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ, ಸೂರಿನಿಂದ ಇಳಿಬಿಟ್ಟ ಉದ್ದನೆಯ ಉಕ್ಕಿನ ಸರಳುಗಳೇ ಎರಡೂ ಸೇತುವೆಗಳನ್ನು ಹೊರಬೇಕಾಗಿತ್ತು. ಅಷ್ಟು ಉದ್ದದ ಸರಳಿಗೆ ತಿರುಪು ಕೊರೆಯುವುದು ಕಷ್ಟವೆಂದು, ಉಕ್ಕಿನ ಕೆಲಸ ಹಿಡಿದವರು ಒಂದೊಂದು ಸರಳನ್ನು ಎರಡಾಗಿ ಮಾಡಿದರು. ಕೆಳಗಿನ ಸೇತುವೆ ಆಗ ಸೂರಿನಿಂದ ತೂಗುವ ಬದಲು ಮೇಲಿನ ಸೇತುವೆಯಿಂದ ತೂಗಿತು. ನಮ್ಮ ಹಳ್ಳಿ ಮನೆಗಳ ನೆಲುವನ್ನು ನೆನೆಯಿರಿ. ಎರಡು ಮಡಕೆಗಳನ್ನೂ ತೊಲೆಗೇ ಕಟ್ಟಿದರೆ ಅದೊಂದು ಬಗೆ. ಎರಡನೆಯದನ್ನು ಮೊದಲನೆಯ ನೆಲುವಿನ ತಳಕ್ಕೆ ಕಟ್ಟಿದರೆ, ಆ ತಳದ ಗಂಟು ಎರಡು ಮಡಕೆಯ ಭಾರ ಹೊರಬೇಕು. ನಮ್ಮ ತಾಯಂದಿರಿಗೆ ತಿಳಿಯುವ ಮಾತಿದು. ಅಲ್ಲಿ ಬದಲಾದ ನಕ್ಷೆ ಇಂಜಿನಿಯರರ ಕಚೇರಿಗೆ ಹೋಯಿತು, ಮುದ್ರೆ ಬಿದ್ದು ವಾಪಸು ಬಂತು. ಲೆಕ್ಕವನ್ನು ಯಾರೂ ಮತ್ತೆ ಹಾಕಲಿಲ್ಲ. ಎಲ್ಲರ ಕಣ್ಣೂ ಒಂದೇ ಮಾದರಿಯ ಮೇಲಿದ್ದರೆ ಇಂಥ ತಪ್ಪು ಅಡಗಿ ಕೂರುವುದು ಕಷ್ಟ.

ಆದರೆ ‘ಎಲ್ಲರೂ’ ಎಂದರೆ ಯಾರು? ನಮ್ಮ ತಕರಾರು ಇರುವುದು ಇಲ್ಲಿ.

ಈ ಮಾದರಿಯ ಸುತ್ತ ಕೂರುವವರ ಪಟ್ಟಿ ನೋಡಿದರೆ ಬಂಡವಾಳ ಹಾಕುವವನಿದ್ದಾನೆ, ನಕ್ಷೆಗಾರನಿದ್ದಾನೆ, ಇಂಜಿನಿಯರಿದ್ದಾನೆ, ದೊಡ್ಡ ಗುತ್ತಿಗೆದಾರನಿದ್ದಾನೆ. ಅಲ್ಲಿಗೆ ಏಣಿ ಮುಗಿಯಿತು. ಮೇಸ್ತ್ರಿ ಇಲ್ಲ, ಕಂಬಿ ಕಟ್ಟುವವನಿಲ್ಲ, ಗಾರೆಯವನಿಲ್ಲ, ತಲೆಯ ಮೇಲೆ ಬಾಂಡಲಿ ಹೊತ್ತ ಹೆಣ್ಣುಮಗಳಂತೂ ಇಲ್ಲವೇ ಇಲ್ಲ. ಅವರ ಕೈಗೆ ಬರುವುದು ಮಡಚಿ ಮಡಚಿ ಹರಿದ ಒಂದು ಹಾಳೆ. ಅದರ ಮೂಲೆಯಲ್ಲಿ ಸಣ್ಣ ಅಕ್ಷರದ ಸೂಚನೆಗಳು, ಅವೂ ಇಂಗ್ಲಿಷಿನಲ್ಲಿ. ಓದುವವನಿಗೆ ಕಟ್ಟುವುದು ಗೊತ್ತಿಲ್ಲ, ಕಟ್ಟುವವನಿಗೆ ಓದಲು ಬಾರದ ಭಾಷೆ. ಇಂಗ್ಲಿಷು ಈ ದೇಶದಲ್ಲಿ ಜನರನ್ನು ಹೊರಗಿಡುವ ಬೇಲಿಯಾಗಿದೆಯೆಂದು ರಾಮಮನೋಹರ ಲೋಹಿಯಾ ಹೋರಾಡಿದರು. ಆ ಬೇಲಿ ಕಟ್ಟಡದ ಕೆಲಸದಲ್ಲಿ ಇಂದಿಗೂ ಅಲುಗಾಡಿಲ್ಲ.

ಕೆಳಗಿನ ಸುದ್ದಿ ಮೇಲಕ್ಕೆ ಹೋಗುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ನರೇಗಾ ಕೂಲಿಕಾರರ ಹಾಜರಿಯನ್ನು ಸ್ಥಳದಲ್ಲೇ ಫೋಟೋ ಹಿಡಿದು ಮೊಬೈಲಿನಲ್ಲಿ ಕಳಿಸಬೇಕೆಂದು 2023ರ ಜನವರಿ 1ರಿಂದ ಕಡ್ಡಾಯ ಮಾಡಿದರು. ಕೂಲಿಯವನ ಮುಖ ಒಂದು ಕ್ಷಣದಲ್ಲಿ ದೆಹಲಿ ತಲುಪಿತು. ಅವನು ಎಷ್ಟು ಅಗೆದ, ಎಷ್ಟು ಅಳೆದರು, ಎಷ್ಟು ಬರೆದರು ಎಂಬ ಲೆಕ್ಕ ಅಷ್ಟೇ ಬೇಗ ಅವನ ಕೈಗೆ ಬಂತೆ?

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದನ್ನು ಹಳೆಯ ಸಂಗಾತಿಗಳು ಬಲ್ಲರು. ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಲ್ಲಿ ಜಗಳ ಹತ್ತಿದ್ದು ಕೊಳಗದ ಮೇಲೆ. ಗೇಣಿಯ ಭತ್ತ ಅಳೆಯುವ ಕೊಳಗ ಒಡೆಯರ ಮನೆಯದು, ನ್ಯಾಯದ ಅಳತೆಗಿಂತ ದೊಡ್ಡದು. ಉತ್ತವನು ತನ್ನ ಬೆಳೆಯನ್ನು ಇನ್ನೊಬ್ಬನ ಅಳತೆಯಲ್ಲಿ ಕೊಡಬೇಕಾಗಿತ್ತು. ಇಂದು ಕಂಬಿ ಕಟ್ಟುವವನಿಗೆ ಟನ್ನಿನ ಲೆಕ್ಕದಲ್ಲಿ ಕೂಲಿ, ಗಾರೆಯವನಿಗೆ ಚದರ ಅಡಿಯ ಲೆಕ್ಕದಲ್ಲಿ. ಅಳೆಯುವವನು ಗುತ್ತಿಗೆದಾರನ ಮನುಷ್ಯ, ಬರೆಯುವವನೂ ಅವನೇ. ಈ ಕಟ್ಟಡಕ್ಕೆ ಇಷ್ಟು ಟನ್ನು ಕಂಬಿ, ಇಷ್ಟು ಚದರ ಅಡಿ ಗಾರೆ ಎಂಬುದು ಮಾದರಿಯೊಳಗೆ ಸೇರಿಗೆ ಸೇರು ಸಿದ್ಧವಾಗಿದೆ. ಆ ಲೆಕ್ಕವನ್ನು ಮೇಸ್ತ್ರಿಯ ಮೊಬೈಲಿಗೆ ತೆರೆದಿಟ್ಟರೆ ಅಳತೆಯಲ್ಲಿ ನುಂಗುವುದು ಕಷ್ಟವಾಗುತ್ತದೆ. ತೆರೆದಿಡದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ನಮಗೆ ತೋಚದು.

ಮಿಲ್ಲಿನ ಬಂಧುಗಳಿಗೆ ಇದು ಹೊಸತೇನಲ್ಲ. ಪಾಳಿಯ ಕೊನೆಯಲ್ಲಿ ಮೀಟರು ಎಷ್ಟು ತೋರಿಸಿತೆಂದು ತಾನೇ ಕಣ್ಣಾರೆ ನೋಡದೆ ಯಾವ ನೇಕಾರ ಕೂಲಿಯ ಚೀಟಿಯನ್ನು ನಂಬುತ್ತಾನೆ?

ಚಿಲ್ಲರೆ ವ್ಯಾಪಾರಿಗೂ ಇದರಲ್ಲಿ ಪಾಲಿದೆ. ಸಿಮೆಂಟು, ಕಂಬಿ, ಮೊಳೆ, ಪೈಪುಗಳನ್ನು ಸಾಲಕ್ಕೆ ಕೊಟ್ಟ ಅಂಗಡಿಯವನಿಗೆ ಸಣ್ಣ ಗುತ್ತಿಗೆದಾರ ಹೇಳುವ ಮಾತು ಒಂದೇ: ‘ಬಿಲ್ಲು ಪಾಸಾಗಿಲ್ಲ ಯಜಮಾನರೇ.’ ಪಾಸಾಗಿದೆಯೋ ಇಲ್ಲವೋ, ಅವನಿಗೇ ಮೇಲಿನವನು ಸುಳ್ಳು ಹೇಳಿದ್ದಾನೋ, ತಿಳಿಯುವ ದಾರಿಯಿಲ್ಲ. 2019ರ ಮಾರ್ಚಿ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಾಗ, ಮೇಲೆ ಕೆಲಸ ನಡೆಯುತ್ತಿದ್ದಂತೆಯೇ ಕೆಳಗೆ ಅಂಗಡಿಗಳು ತೆರೆದಿದ್ದವು. ತಮ್ಮ ತಲೆಯ ಮೇಲಿರುವ ಅಂತಸ್ತುಗಳು ನಕ್ಷೆಯಲ್ಲಿ ಇವೆಯೇ ಎಂದು ಅಲ್ಲಿನ ಅಂಗಡಿಯವನು ಯಾರನ್ನು ಕೇಳಬೇಕಾಗಿತ್ತು?

ಇದಕ್ಕೆ ಬರುವ ಉತ್ತರ ನಮಗೆ ಗೊತ್ತು. ‘ಇದೆಲ್ಲ ತಜ್ಞರ ವಿಷಯ, ಕೂಲಿಯವರಿಗೆ ಅರ್ಥವಾಗದು.’ ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ ವಾಸವಿದ್ದ ಬಡವರು ಬೆಂಕಿಯ ಅಪಾಯದ ಬಗ್ಗೆ ಎಚ್ಚರಿಸಿದಾಗಲೂ ಅವರ ಮಾತಿಗೆ ಬೆಲೆ ಸಿಗಲಿಲ್ಲ. 2017ರ ಜೂನ್ 14ರಂದು ಆ ಗೋಪುರ ಹೊತ್ತಿ 72 ಜನ ಸತ್ತರು. ಎತ್ತರದ ವಸತಿ ಕಟ್ಟಡದ ಪೂರ್ತಿ ವಿವರ ಮೊದಲಿನಿಂದ ಕೊನೆಯವರೆಗೆ ಕಂಪ್ಯೂಟರಿನಲ್ಲಿ ಒಂದೇ ದಾರದಂತೆ ಉಳಿಯಬೇಕು, ವಾಸಿಗಳಿಗೂ ಸುರಕ್ಷತೆಯ ವಿವರ ಸಿಗಬೇಕು ಎಂಬ ವಿಚಾರ ಆ ಬಳಿಕವೇ ಬ್ರಿಟನ್ನಿನ 2022ರ ಕಾನೂನಿಗೆ ಬಂತು. ಅಷ್ಟು ಹೆಣ ಬೀಳುವ ತನಕ ಕಾಯಬೇಕೆಂಬ ನಿಯಮವೇನಿಲ್ಲ.

ನಮ್ಮಲ್ಲಿ ಅರ್ಧ ದಾರಿ ಆಗಿದೆ. 2016ರ ರೇರಾ ಕಾಯ್ದೆಯಂತೆ ಮನೆ ಕಟ್ಟಿ ಮಾರುವವರು ಮಂಜೂರಾದ ನಕ್ಷೆಯನ್ನೂ ಮೂರು ತಿಂಗಳಿಗೊಮ್ಮೆ ಕೆಲಸದ ಪ್ರಗತಿಯನ್ನೂ ಪ್ರಾಧಿಕಾರದ ಜಾಲತಾಣದಲ್ಲಿ ಹಾಕಬೇಕು. ಅದು ಕೊಳ್ಳುವವನ ರಕ್ಷಣೆಗೆಂದು ಮಾಡಿದ ಕಾನೂನು. ಒಳ್ಳೆಯದೇ. ಅದೇ ಪುಟದಲ್ಲಿ ಕಂಬಿಯ ಪಟ್ಟಿ, ಕೆಲಸದ ಅಳತೆ, ಅಪಾಯದ ಜಾಗಗಳು ಕನ್ನಡದಲ್ಲಿಯೂ ಕೆಲಸಗಾರರು ಆಡುವ ಉರ್ದು, ತೆಲುಗು, ಹಿಂದಿಯಲ್ಲಿಯೂ ಬರಲಿ. ಸರ್ಕಾರದ ಕಾಮಗಾರಿಯ ಮಾದರಿಯನ್ನು ಐ.ಎಫ್.ಸಿ. ಎಂಬ ಮುಕ್ತ ರೂಪದಲ್ಲಿ ಇಡಲಿ. ಅದು 2013ರಿಂದ ಅಂತರರಾಷ್ಟ್ರೀಯ ಮಾನಕ, ಯಾವ ಕಂಪೆನಿಯ ಸ್ವತ್ತೂ ಅಲ್ಲ. ಇಲ್ಲದಿದ್ದರೆ ನಮ್ಮ ಊರಿನ ಚರಂಡಿಯ ನಕ್ಷೆ ನೋಡುವುದಕ್ಕೂ ವಿದೇಶಿ ಕಂಪೆನಿಗೆ ವರ್ಷ ವರ್ಷ ಬಾಡಿಗೆ ಕಟ್ಟಬೇಕಾದೀತು.

ಕೆಸರೆಯ 3 ಎಕರೆ 16 ಗುಂಟೆ ಜಮೀನಿನ ಸುದ್ದಿ 2024ರಲ್ಲಿ ನಾಡಿನ ಪತ್ರಿಕೆಗಳನ್ನೆಲ್ಲ ತುಂಬಿತು. ಆ ಒಂದು ತುಂಡು ನೆಲದ ಕಾಗದ ಎಷ್ಟು ಬಿಚ್ಚಿದರು, ಎಷ್ಟು ಓದಿದರು! ಇದೇ ಕೆಸರೆಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆ ನೀರಿನ ಶುದ್ಧೀಕರಣ ಘಟಕವಿದೆ. ಅಲ್ಲಿಗೆ ಬರುವ ಕೊಳವೆಗಳು ಯಾರ ಮನೆಯ ಕೆಳಗೆ, ಎಷ್ಟು ಆಳದಲ್ಲಿ ಹಾದಿವೆಯೆಂದು ಬೀದಿಯವರಿಗೆ ಕಾಗದ ಬಿಚ್ಚಿ ತೋರಿಸಿದವರಿಲ್ಲ.

ಕಾನೂನು ಬದಲಾಗುವ ತನಕ ಸುಮ್ಮನಿರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ‘ಮಾಹಿತಿ’ ಎಂಬುದರಲ್ಲಿ ಮಾದರಿಗಳನ್ನೂ ವಿದ್ಯುನ್ಮಾನ ರೂಪದಲ್ಲಿರುವ ವಿವರಗಳನ್ನೂ ಸೇರಿಸಿದೆ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಮುಂದಿನ ಸಲ ನಿಮ್ಮ ಬೀದಿಯಲ್ಲಿ ಗುದ್ದಲಿ ಬಿದ್ದ ದಿನವೇ ನಗರಪಾಲಿಕೆಯ ಮಾಹಿತಿ ಅಧಿಕಾರಿಗೆ ಬರೆಯಿರಿ: ಈ ಕೆಲಸದ ನಕ್ಷೆ, ಅಳತೆ ಪುಸ್ತಕ, ಅಗೆಯುವ ಮುನ್ನ ಬೇರೆ ಇಲಾಖೆಗಳಿಗೆ ಕೊಟ್ಟ ತಿಳಿವಳಿಕೆಯ ಪ್ರತಿ ಬೇಕು ಎಂದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರುವಂತಿಲ್ಲ. ಆದ್ದರಿಂದ ಒಬ್ಬರೇ ಬರೆಯಬೇಡಿ. ಬೀದಿಯ ಹತ್ತು ಅಂಗಡಿಯವರು ಹಂಚಿಕೊಂಡು ಹತ್ತು ಅರ್ಜಿ ಹಾಕಿರಿ.