ಸೊರಗುರೋಗದ ಮಣ್ಣಿನ ಶತ್ರುಗಳು: ಪರೀಕ್ಷಿಸದೆ ಕೊಳ್ಳಬಹುದೆ?

ಬದನೆ, ಟೊಮ್ಯಾಟೊ, ಆಲೂಗೆಡ್ಡೆ, ಶುಂಠಿ ಇವುಗಳನ್ನು ಬೆಳೆಯತಕ್ಕ ಹಿಡುವಳಿದಾರರಿಗೆ ಸೊರಗುರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಇದಕ್ಕೆ ಕಾರಣವಾದ ರಾಲ್‌ಸ್ಟೋನಿಯ ಎಂಬ ಬ್ಯಾಕ್ಟೀರಿಯವು ಮಣ್ಣಿನಲ್ಲಿ ಅಡಗಿರುವುದರಿಂದ ಔಷಧವನ್ನು ಎರಚಿ ನಿರ್ಮೂಲಮಾಡುವುದು ಕಷ್ಟಸಾಧ್ಯ. ಆದುದರಿಂದ ಮಣ್ಣಿನಲ್ಲಿಯೇ ಇರುವ ಅದರ ಶತ್ರುಗಳ ಕಡೆಗೆ ವಿಜ್ಞಾನಿಗಳ ದೃಷ್ಟಿಯು ತಿರುಗಿರುವುದು ಯುಕ್ತವೇ ಸರಿ.

ಇಂತಹ ಶತ್ರುಗಳಲ್ಲಿ ಒಂದು, ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಸ್. ಫೇಜ್ ಎಂದು ಇದರ ಹೆಸರು. 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟರೂ 1917ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಡೆರೆಲರೂ ಇದನ್ನು ಪ್ರಕಟಪಡಿಸಿದರು. ಇದು ಬ್ಯಾಕ್ಟೀರಿಯದ ಒಳಹೊಕ್ಕು, ವೃದ್ಧಿಹೊಂದಿ, ಅದನ್ನು ಒಡೆದು ಹೊರಬರುವುದು. ಮತ್ತೊಂದು, ಬ್ಯಾಕ್ಟೀರಿಯವೇ ತನ್ನ ಹತ್ತಿರದ ಬಂಧುಗಳನ್ನು ಕೊಲ್ಲಲು ಉತ್ಪತ್ತಿಮಾಡುವ ಕಣ. ಸೂಡೊಮೊನಾಸ್ ಎಂಬ ಕುಲದಲ್ಲಿ ಕಂಡುಬರುವ ಕೆಲವು ಕಣಗಳು ತಲೆಯಿಲ್ಲದ ಫೇಜಿನ ಬಾಲದಂತಿದ್ದು, ಶತ್ರುವಿನ ಹೊದಿಕೆಯನ್ನು ಚುಚ್ಚಿ ಕೊಲ್ಲುವುವು. ಆದರೆ ಅವಕ್ಕೆ ಸಂತಾನವಿಲ್ಲ. ಅವು ಹೊರಬೀಳಬೇಕಾದರೆ ಅವನ್ನು ತಯಾರಿಸಿದ ಜೀವಿಯೇ ಒಡೆದು ಸಾಯಬೇಕು. ದಾಯಾದಿಮತ್ಸರವು ಇಷ್ಟು ಅಲ್ಪಜೀವಿಗಳನ್ನೂ ಬಿಟ್ಟಿಲ್ಲ!

ಇವುಗಳನ್ನು ಕಂಡುಹಿಡಿಯುವ ಪರೀಕ್ಷೆಯು ಸರಳವಾದುದು. ಅಗರ್ ತಟ್ಟೆಯ ಮೇಲೆ ರೋಗದ ಬ್ಯಾಕ್ಟೀರಿಯವನ್ನು ಒತ್ತಾಗಿ ಬೆಳೆಸಿ, ಪರೀಕ್ಷಿಸಬೇಕಾದ ದ್ರವವನ್ನು ಸೋಸಿ ಅದರ ಮೇಲೆ ತೊಟ್ಟಿಕ್ಕುವರು. ಬ್ಯಾಕ್ಟೀರಿಯವು ಸತ್ತ ಕಡೆ ತಿಳಿಯಾದ ಮಚ್ಚೆ ಕಾಣುವುದು. ಇಷ್ಟಕ್ಕೇ ತೃಪ್ತರಾಗಬಾರದು. ದ್ರವವನ್ನು ಹತ್ತರಷ್ಟು, ನೂರರಷ್ಟು, ಸಾವಿರದಷ್ಟು ತೆಳುಮಾಡುತ್ತ ಪುನಃ ತೊಟ್ಟಿಕ್ಕಿದಾಗ ಮಚ್ಚೆಯು ಬಿಡಿಬಿಡಿ ಚುಕ್ಕೆಗಳಾದರೆ ಅದು ವೃದ್ಧಿಯಾಗುವ ಫೇಜ್; ಚುಕ್ಕೆಗಳಾಗದೆ ಬರಿದೆ ಮಸುಕಾಗಿ ಮಾಯವಾದರೆ ಸಂತಾನವಿಲ್ಲದ ಕಣವೋ ವಿಷವೋ ಇರಬೇಕು. ಹೊಲದಲ್ಲಿ ಈ ಭೇದವು ಸಣ್ಣದಲ್ಲ. ಫೇಜ್ ತನ್ನ ಬೇಟೆ ಸಿಕ್ಕಿದಷ್ಟು ಕಾಲ ಹೆಚ್ಚಬಲ್ಲುದು; ಕಣವು ಖರ್ಚಾದರೆ ಮುಗಿಯಿತು, ಅದನ್ನು ತಯಾರಿಸುವ ಜೀವಿಯು ಬೇರಿನ ಬಳಿ ಬದುಕಿರಬೇಕು.

ಇದಕ್ಕಿಂತಲೂ ದೊಡ್ಡ ತೊಡಕೆಂದರೆ, ಇಂತಹ ಶತ್ರುಗಳು ಸಾಮಾನ್ಯವಾಗಿ ಎಲ್ಲ ರೋಗಾಣುಗಳನ್ನೂ ಕೊಲ್ಲಲಾರವು. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಅಲನ್ ಕೆರ್ ಅವರು 1970ರ ದಶಕದಲ್ಲಿ ಬಳಕೆಗೆ ತಂದ ಕೆ-84 ಎಂಬ ಮಣ್ಣಿನ ಬ್ಯಾಕ್ಟೀರಿಯವು, ತಾನು ಸ್ರವಿಸುವ ವಿಷದ ಬಲದಿಂದ ಪೀಚ್, ಬಾದಾಮಿ ಗಿಡಗಳ ಬುಡದ ಗಂಟುರೋಗವನ್ನು ತಡೆಯಿತು. ದ್ರಾಕ್ಷಿಯ ಗಂಟುರೋಗಕ್ಕೆ ಅದು ನಾಟಲಿಲ್ಲ. ಹೀಗಿರುವಾಗ, ಎಲ್ಲಿಯದೋ ರೋಗಾಣುವಿನ ಮೇಲೆ ಗೆದ್ದ ಪುಡಿಯು ಹಾಸನದ ಆಲೂಗೆಡ್ಡೆ ಹೊಲದಲ್ಲಿಯೂ ಸಾಗರದ ಶುಂಠಿಯ ಪಾತಿಯಲ್ಲಿಯೂ ಗೆಲ್ಲುವುದೆಂದು ನಂಬಿ ಹಣ ಸುರಿಯುವುದು ಅವಿವೇಕ.

ಗ್ರಾಮದ ಯಜಮಾನರು ಮೊದಲು ರೋಗವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಹಿಡಿದರೆ, ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆಯು ಇಳಿಯುವುದು ಈ ಬ್ಯಾಕ್ಟೀರಿಯದ ಗುರುತು. ಅನಂತರ ಬೇರುಸಹಿತವಾದ ಗಿಡವನ್ನೂ ಬುಡದ ಮಣ್ಣನ್ನೂ ಕೃಷಿ ವಿಶ್ವವಿದ್ಯಾನಿಲಯದ ಸಸ್ಯರೋಗ ವಿಭಾಗಕ್ಕೆ ಕಳುಹಿಸತಕ್ಕದ್ದು. ಮಾರುವವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಸೀಮೆಯ ರೋಗಾಣುವಿನ ತಟ್ಟೆಯ ಮೇಲೆ ಇದರ ತೊಟ್ಟು ಬಿದ್ದಿದೆಯೇ?