ಆರೈಕೆ ಮಾಡುವವರಿಗೆ ಬಿಡುವು ಬೇಡವೇ?

ನಿಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರ ಮನೆಗಳನ್ನು ನೀವು ಬಲ್ಲಿರಿ. ರೋಗಿಗೆ ಪರಮಪ್ರಸಾದವನ್ನು ಗುರುಗಳು ಮನೆಗೇ ತರುತ್ತಾರೆ. ಬಾಗಿಲು ತೆರೆಯುವ ಹೆಂಡತಿಯೋ ಸೊಸೆಯೋ ಭಾನುವಾರದ ಬಲಿಪೂಜೆಗೆ ಬಂದು ಎಷ್ಟು ಕಾಲವಾಯಿತೆಂದು ಕೇಳುವವರಿಲ್ಲ. ‘ಎಂಥ ತ್ಯಾಗಮಯಿ!’ ಎಂದು ಹೊಗಳಿ ಹೊರಡುತ್ತೇವೆ. ಹೊಗಳಲು ನಮಗೇನೂ ಖರ್ಚಿಲ್ಲವಲ್ಲ!

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನದ ದೊಡ್ಡಾಸ್ಪತ್ರೆಗೆ ಸುಮಾರು 30–40 ಕಿಲೋಮೀಟರ್. ಜೊತೆಗೆ ಹೋದವಳ ಅಂದಿನ ಕೂಲಿ ಹೋಯಿತು. ಅಲ್ಲಿ ಚೀಟಿ ರೋಗಿಯ ಹೆಸರಿಗೆ. ಎತ್ತಿ ಇಳಿಸಿದವಳ ಬೆನ್ನುನೋವಿಗೆ ಚೀಟಿಯಿಲ್ಲ.

ಕಾನೂನು ಇವರನ್ನು ಕಾಣದೆ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನೂ ಆರೈಕೆದಾರರೆಂದೇ ಕರೆಯುತ್ತದೆ. ನಮ್ಮ ರಾಜ್ಯದ 2024–25ರ ಆಯವ್ಯಯವು ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆದರೆ ಯಾರಿಗೆ? ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಲಕ್ವ ಹೊಡೆದ ಗಂಡನನ್ನು ಎತ್ತಿ ಕೂರಿಸುವವಳು, ಮರೆವಿನ ಅತ್ತೆಯನ್ನು ಇರುಳಿಡೀ ಕಾಯುವವಳು ಆ ಘೋಷಣೆಯಲ್ಲಿರಲಿಲ್ಲ. ಇದ್ದಿದ್ದರೂ ದಿನಕ್ಕೆ 33 ರೂಪಾಯಿ!

ಶಾಸಕರಿಗೆ ಬರೆಯಿರಿ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಬಿಡದೆ ಕೇಳಿರಿ. ಆದರೆ ಅದು ಬರುವವರೆಗೆ ನಾವು ಕೈಕಟ್ಟಿ ಕೂರಬೇಕೇ? ಹಬ್ಬದ ಚಪ್ಪರಕ್ಕೆ ಸರದಿ ಹಾಕಬಲ್ಲ ಧರ್ಮಕೇಂದ್ರಕ್ಕೆ ಇದಕ್ಕೊಂದು ಸರದಿ ಕಷ್ಟವಲ್ಲ. ವಾರಕ್ಕೆ ಅರ್ಧ ದಿನ, ಇಬ್ಬರಿಬ್ಬರಾಗಿ ಹೋಗಿ ಕುಳಿತುಕೊಳ್ಳಿರಿ. ಗಂಜಿ ಕುಡಿಸುವುದನ್ನೂ ಮಗ್ಗುಲು ಹೊರಳಿಸುವುದನ್ನೂ ಆಕೆಯಿಂದಲೇ ಕಲಿಯಿರಿ. ಆಕೆ ಪೂಜೆಗೆ ಬರಲಿ, ತವರಿಗೆ ಹೋಗಲಿ, ಇಲ್ಲವೇ ಸುಮ್ಮನೆ ನಿದ್ರಿಸಲಿ. ಎಲ್ಲಿಗೆ ಹೋಗಿದ್ದಳೆಂದು ಮಾತ್ರ ಕೇಳಬೇಡಿರಿ.